ಗತಿಸಿದವರ ಗುಟ್ಟು ಮತ್ತು ಶ್ರಾವಕನ ಸತ್ಯವ್ರತ

ಇಂಗ್ಲೆಂಡಿನ ಲೇಖಕಿ ಎ. ಎಸ್. ಬಯಟ್ ಅವರ ಕಾದಂಬರಿಯೊಂದು 1990ರಲ್ಲಿ ಪ್ರಕಟವಾಗಿ ಅದೇ ವರ್ಷ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. 2002ರಲ್ಲಿ ಅದು ಚಲನಚಿತ್ರವಾಗಿಯೂ ಬಂದಿತು. ಅದರ ಹೆಸರು ‘ಪೊಸೆಷನ್’. ಕಥೆಯ ತಿರುಳು ಇಂತಿದೆ: ಹತ್ತೊಂಬತ್ತನೆಯ ಶತಮಾನದ ಕವಿಯೊಬ್ಬನು ಪತ್ನೀನಿಷ್ಠನೆಂದು ಹೆಸರಾದವನು. ಅವನು ಬಳಸಿದ ಪುಸ್ತಕವೊಂದರ ಹಾಳೆಗಳ ನಡುವೆ, ಬೇರೊಬ್ಬ ಸ್ತ್ರೀಯನ್ನು ಕುರಿತು ಅವನು ಬರೆದ ಪತ್ರಗಳು ಇಂದಿನ ಕಾಲದ ತರುಣ ವಿದ್ವಾಂಸನಿಗೆ ಸಿಗುತ್ತವೆ. ಆತ ಗ್ರಂಥಾಲಯದವರಿಗೆ ತಿಳಿಸದೆ ಅವುಗಳನ್ನು ಎತ್ತಿಕೊಂಡು ಹೊರಬರುತ್ತಾನೆ. ಆ ಸ್ತ್ರೀಯೂ ಒಬ್ಬ ಕವಯಿತ್ರಿ. ಆಕೆಯನ್ನು ಕುರಿತು ಅಭ್ಯಾಸ ಮಾಡಿದ ವಿದುಷಿಯೊಬ್ಬಳನ್ನು ಜೊತೆಗೂಡಿಸಿಕೊಂಡು ಅವನು ಆ ಗುಪ್ತ ಪ್ರಣಯದ ಜಾಡು ಹಿಡಿಯುತ್ತಾನೆ. ಬೇರೆ ಪಂಡಿತರಿಗೂ ಸುಳಿವು ಹತ್ತಿ ಪೈಪೋಟಿ ಆರಂಭವಾಗುತ್ತದೆ. ಕಡೆಗೆ ಅವರಲ್ಲೊಬ್ಬನು, ಕವಿಯ ಪತ್ನಿ ಗಂಡನೊಡನೆ ಹೂಳಿಸಿದ್ದ ಪೆಟ್ಟಿಗೆಗಾಗಿ ರಾತ್ರಿಯ ಹೊತ್ತು ಗೋರಿಯನ್ನೇ ಅಗೆಯುತ್ತಾನೆ.

ನೋಡುವವರಿಗೆ ಇದು ಮಧುರವಾದ ಪ್ರೇಮಕಥೆ. ಆದರೆ ವ್ರತಗಳ ಅರ್ಥವನ್ನು ಬಲ್ಲವರಿಗೆ ಇದರಲ್ಲಿ ಬೇರೊಂದು ಪ್ರಶ್ನೆ ಕಾಣಿಸುತ್ತದೆ. ಸತ್ತವರ ಗುಟ್ಟು ಯಾರಿಗೆ ಸೇರಿದ್ದು? ಅದನ್ನು ಹೊರತೆಗೆಯುವುದು ಜ್ಞಾನದ ಸೇವೆಯೆ, ಕಳವೆ? ಕಥೆಯ ಹೆಸರೇ ಈ ಪ್ರಶ್ನೆಯನ್ನು ಹೊತ್ತಿದೆ. ಆ ಇಂಗ್ಲಿಷ್ ಶಬ್ದಕ್ಕೆ ಒಡೆತನವೆಂಬುದೊಂದು ಅರ್ಥ; ಗ್ರಹ ಹಿಡಿದಂತೆ ಮೈಮರೆಯುವುದು ಇನ್ನೊಂದು ಅರ್ಥ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ವಸ್ತುಗಳ ಲೆಕ್ಕ ಕೊಡುವುದಿಲ್ಲ. ಮೂರ್ಛೆ ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸುತ್ತಾರೆ. ಹಿಡಿದುಕೊಳ್ಳುವವನು ತಾನೇ ಹಿಡಿಯಲ್ಪಡುತ್ತಾನೆ ಎಂಬುದು ಆ ಮಾತಿನ ಅಭಿಪ್ರಾಯ.

ಈ ಪ್ರಶ್ನೆ ದೂರದೇಶದ್ದೆಂದು ತಳ್ಳಿಬಿಡುವಂತಿಲ್ಲ. ಧಾರವಾಡ ಸಂಶೋಧನೆಯ ಊರು. 1890ರಲ್ಲಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು; 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಯಿತು; ಮುಂದೆ ವಿಶ್ವವಿದ್ಯಾಲಯವೂ ಬಂದಿತು. ಶಾಸನ, ತಾಳೆಯೋಲೆ, ಕಡತಗಳನ್ನು ಅರಸಿ ಇಲ್ಲಿಯ ವಿದ್ವಾಂಸರು ಊರೂರು ಅಲೆದಿದ್ದಾರೆ. ಅಂಥ ಅಲೆದಾಟದ ಫಲವನ್ನು ಜೈನ ಸಮಾಜವೇ ಹೆಚ್ಚಾಗಿ ಉಂಡಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಗೆ ಅಣ್ಣಿಗೇರಿಯ ನಂಟಿತ್ತೆಂಬುದು ಇಂದು ತಿಳಿದಿರುವುದು, ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಬರೆಸಿದ ಶಾಸನವನ್ನು ಯಾರೋ ಓದಿದ್ದರಿಂದ. ಹುಡುಕುವವರಿಲ್ಲದಿದ್ದರೆ ಆ ತಾಯಿಯ ಹೆಸರು ಕಲ್ಲಿನಲ್ಲೇ ಉಳಿಯುತ್ತಿತ್ತು. ಆದುದರಿಂದ ಹುಡುಕಾಟವನ್ನೇ ನಿಂದಿಸುವುದು ಕೃತಘ್ನತೆ.

ಆದರೆ ಬಂಡೆಯ ಮೇಲಿನ ಬರಹ ಬೇರೆ, ಪೆಟ್ಟಿಗೆಯೊಳಗಿನ ಪತ್ರ ಬೇರೆ. ಹಳೆಯ ಮನೆಯೊಂದನ್ನು ಕೆಡವಿಸುವಾಗ ಅಟ್ಟದ ಮೇಲೆ ಗಂಟೊಂದು ಸಿಕ್ಕಿತೆಂದು ಭಾವಿಸಬಹುದು. ಅದರಲ್ಲಿ ಎರಡು ಶಾಸ್ತ್ರಗ್ರಂಥಗಳ ಓಲೆಗಳಿವೆ, ಬಸದಿಯ ಜಮಾ-ಖರ್ಚಿನ ವಹಿ ಇದೆ, ಅವುಗಳೊಂದಿಗೆ ಮನೆಯ ಹಿರಿಯರೊಬ್ಬರು ಯೌವನದಲ್ಲಿ ಪರಸ್ತ್ರೀಯೊಬ್ಬಳಿಗೆ ಬರೆದು ಕಳಿಸದೆ ಉಳಿಸಿದ ಪತ್ರಗಳೂ ಇವೆ. ಆ ಹಿರಿಯರು ಬಸದಿಯ ಜೀರ್ಣೋದ್ಧಾರ ಮಾಡಿಸಿದವರು. ಅವರ ಭಾವಚಿತ್ರ ಸಭಾಮಂಟಪದಲ್ಲಿ ತೂಗುತ್ತಿದೆ. ಮೊಮ್ಮಕ್ಕಳು ಏನು ಮಾಡಬೇಕು? ಟ್ರಸ್ಟಿನವರು ಏನು ಮಾಡಬೇಕು? ಸುಡಬೇಕೆ, ಓದಬೇಕೆ, ಅಚ್ಚು ಹಾಕಿಸಬೇಕೆ, ಬೀಗ ಹಾಕಿಡಬೇಕೆ?

ಕನ್ನಡ ಜೈನ ಸಾಹಿತ್ಯದಲ್ಲಿಯೇ ಇದಕ್ಕೆ ಹತ್ತಿರವಾದ ಪ್ರಸಂಗವೊಂದಿದೆ. ಅದು ಕಂತಿ ಮತ್ತು ಹಂಪರ ಕಥೆ. ಹಂಪನೆಂದರೆ ಅಭಿನವಪಂಪನೆಂದು ಹೆಸರಾದ ನಾಗಚಂದ್ರ. ಸುಮಾರು 1100ರಲ್ಲಿ ಇದ್ದವನು. ಮಲ್ಲಿನಾಥ ಪುರಾಣ ಮತ್ತು ರಾಮಚಂದ್ರಚರಿತ ಪುರಾಣಗಳ ಕರ್ತೃ. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದವನು. ಕಂತಿ ದೋರಸಮುದ್ರದ ಆಸ್ಥಾನದ ಕವಯಿತ್ರಿಯೆಂದು ಹೇಳಿಕೆ. ಆತ ಅರ್ಧ ಪದ್ಯ ಹೇಳುವುದು, ಆಕೆ ಅದನ್ನು ತುಂಬುವುದು, ಹೀಗೆ ಇಬ್ಬರ ನಡುವೆ ಸಮಸ್ಯಾಪೂರಣದ ಸ್ಪರ್ಧೆ ನಡೆಯುತ್ತಿತ್ತಂತೆ. ಆಕೆ ಎಂದಿಗೂ ಅವನನ್ನು ಹೊಗಳಲಿಲ್ಲ. ಹೊಗಳಿಸಿಯೇ ತೀರುವೆನೆಂದು ಪಣತೊಟ್ಟ ಹಂಪನು ತಾನು ಸತ್ತೆನೆಂದು ಸುದ್ದಿ ಹಬ್ಬಿಸಿದನು. ಕಂತಿ ಓಡಿಬಂದು ಅವನ ಕವಿತ್ವವನ್ನು ಕೊಂಡಾಡಿ ಅತ್ತಳು. ಆಗ ಆತ ಎದ್ದು ಕುಳಿತು, ತಾನು ಗೆದ್ದೆನೆಂದು ನಕ್ಕನು.

ಈ ಕಥೆಯ ಆಧಾರವೆಷ್ಟು? ಹದಿನಾರನೆಯ ಶತಮಾನದ ಬಾಹುಬಲಿ ಕವಿ ತನ್ನ ನಾಗಕುಮಾರ ಚರಿತೆಯಲ್ಲಿ ಕಂತಿಯನ್ನು ಸ್ಮರಿಸಿದ್ದಾನೆ. ಕಥೆಯ ವಿವರವಾದ ರೂಪ ಸಿಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ಬರೆದ ರಾಜಾವಳೀ ಕಥೆಯಲ್ಲಿ. ಎಂದರೆ ನಾಗಚಂದ್ರನ ಕಾಲಕ್ಕೆ ಏಳುನೂರು ವರ್ಷಗಳ ಅನಂತರ. ಕಂತಿಯದೆನ್ನುವ ಸ್ವತಂತ್ರ ಕಾವ್ಯ ಯಾವುದೂ ದೊರೆತಿಲ್ಲ. ‘ಕಂತಿ ಹಂಪನ ಸಮಸ್ಯೆಗಳು’ ಎಂಬ ಬಿಡಿ ಪದ್ಯಗಳಿವೆ, ಅಷ್ಟೆ. ನಾಗಚಂದ್ರನ ಕೃತಿಗಳಲ್ಲಿ ಆಕೆಯ ಹೆಸರಿಲ್ಲ. ಆದುದರಿಂದಲೇ ಆಕೆ ನಿಜವಾಗಿ ಇದ್ದಳೆ ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ಏಕಮತವಿಲ್ಲ. ಇಷ್ಟು ಸಣ್ಣ ಎಳೆಯಿಂದ ಪ್ರಣಯದ ಪಟ್ಟೆಯನ್ನೇ ನೇಯುವುದು ಮಾತ್ರ ಸುಲಭ. ಸೋಲೊಪ್ಪದ ಹೆಣ್ಣು, ಹೊಗಳಿಕೆಗೆ ಹಂಬಲಿಸುವ ಗಂಡು, ಸಾವಿನ ಸುದ್ದಿಗೆ ಉಕ್ಕಿದ ಕಣ್ಣೀರು. ಇಷ್ಟಿದ್ದರೆ ಕಥೆಗಾರನಿಗೆ ಬೇರೇನು ಬೇಕು?

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಂತಿ ಎಂಬುದು ಬರಿಯ ಹೆಸರಲ್ಲ. ಹಳಗನ್ನಡದಲ್ಲಿ ಜೈನ ಸಾಧ್ವಿಯನ್ನು ಕಂತಿ, ಗಂತಿ ಎಂದು ಕರೆಯುವ ವಾಡಿಕೆಯಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ನಿಸಿಧಿ ಶಾಸನಗಳಲ್ಲಿ ನಾಗಮತಿ ಗಂತಿಯರ್, ಶಶಿಮತಿ ಗಂತಿಯರ್ ಎಂಬ ಆರ್ಯಿಕೆಯರು ಸಮಾಧಿಮರಣವನ್ನು ಸ್ವೀಕರಿಸಿದ ಉಲ್ಲೇಖಗಳಿವೆ. ದೋರಸಮುದ್ರದ ಕಂತಿಯೂ ಅಂಥ ವ್ರತಧಾರಿಣಿಯಾಗಿದ್ದರೆ, ಆಕೆಯ ಕಣ್ಣೀರನ್ನು ಪ್ರಣಯವೆಂದು ಬರೆಯುವವನು ಏನು ಮಾಡಿದಂತಾಯಿತು? ಸಹಕವಿಯ ಗುಣಕ್ಕೆ ಮರುಗಿದ ಪ್ರಮೋದಭಾವವನ್ನು ಅವನು ರಾಗವೆಂದು ಬರೆದಂತಾಯಿತು. ಅದನ್ನು ತಿದ್ದಿಹೇಳಲು ಆಕೆ ಎದ್ದುಬರುವಂತಿಲ್ಲ. ಹಂಪನಾದರೋ ಸುಳ್ಳುಸಾವಿನಿಂದ ಎದ್ದು ಕುಳಿತನು. ಕಂತಿಗೆ ಆ ಅವಕಾಶವೂ ಇಲ್ಲ.

ಈ ಬಗೆಯ ದೋಷಕ್ಕೆ ಜಿನಾಗಮದಲ್ಲಿ ಹೆಸರೇ ಇದೆ ಎಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲಿಗಿಡುವುದೇ ರಹೋಭ್ಯಾಖ್ಯಾನವೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಿವರಿಸುತ್ತಾರೆ. ಹೇಳಿದ್ದು ನಿಜವಾಗಿದ್ದರೂ ಅದು ಸತ್ಯವ್ರತಕ್ಕೆ ಮಲಿನತೆಯನ್ನು ತರುತ್ತದೆ. ಇದು ಆಲೋಚಿಸತಕ್ಕ ಮಾತು. ಸಾಕಾರಮಂತ್ರಭೇದವೆಂದರೆ ಮುಖಭಾವ, ಅಂಗಚೇಷ್ಟೆಗಳಿಂದ ಇನ್ನೊಬ್ಬರ ಅಂತರಂಗವನ್ನು ಊಹಿಸಿ ಅಸೂಯೆಯಿಂದ ಪ್ರಕಟಿಸುವುದು. ಒಬ್ಬರು ಹೇಳದುದನ್ನು ಹೇಳಿದರೆಂದು ಬರೆಯುವುದು ಕೂಟಲೇಖ. ನಂಬಿ ಇಟ್ಟದ್ದನ್ನು ನುಂಗುವುದು ನ್ಯಾಸಾಪಹಾರ. ಕವಿಗಳ ಬದುಕನ್ನು ಕೆದಕುವವನು ಜಾರಬಹುದಾದ ಎಲ್ಲ ಮೆಟ್ಟಿಲುಗಳೂ ಈ ಪಟ್ಟಿಯಲ್ಲಿವೆ ಎನ್ನಬಹುದು.

ಹಾಗಾದರೆ ಎಲ್ಲವನ್ನೂ ಮುಚ್ಚಿಡುವುದೇ ಧರ್ಮವೆ? ಹಾಗೆಂದುಕೊಂಡವರಿಗೆ ಅದೇ ಗ್ರಂಥದ ಆರನೆಯ ಅಧ್ಯಾಯ ಅಡ್ಡಬರುತ್ತದೆ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಅಲ್ಲಿ ಕೊಟ್ಟ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯ ಎಂಬುವೂ ಸೇರಿವೆ. ಬಲ್ಲುದನ್ನು ಮರೆಮಾಚುವುದು, ಕೊಡಬಹುದಾದ ಜ್ಞಾನವನ್ನು ಕೊಡದಿರುವುದು, ಕಲಿಯುವವನಿಗೆ ಅಡ್ಡಿಮಾಡುವುದು ಇವೆಲ್ಲ ತನ್ನ ಜ್ಞಾನಕ್ಕೇ ತಾನು ತೆರೆ ಎಳೆದುಕೊಳ್ಳುವ ಕೆಲಸಗಳು. ಬಿಚ್ಚುವವನಿಗೊಂದು ಎಚ್ಚರಿಕೆ, ಮುಚ್ಚುವವನಿಗೊಂದು ಎಚ್ಚರಿಕೆ. ಎರಡನ್ನೂ ಒಂದೇ ಆಚಾರ್ಯರು ಕೊಟ್ಟಿದ್ದಾರೆ.

ಮುಚ್ಚಿಡುವುದರ ಕಷ್ಟವನ್ನು ಅರಿಯಲು ಮೂಡುಬಿದಿರೆಯ ವೃತ್ತಾಂತಕ್ಕಿಂತ ಬೇರೆ ನಿದರ್ಶನ ಬೇಡ. ಷಟ್ಖಂಡಾಗಮದ ಮೇಲಿನ ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಯೋಲೆಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಯಾತ್ರಿಕರಿಗೆ ಅವುಗಳ ದರ್ಶನವಾಗುತ್ತಿತ್ತು, ಅಧ್ಯಯನವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಶ್ರೀಮಂತ ಶ್ರಾವಕರ ಪ್ರಯತ್ನದಿಂದ ಪ್ರತಿಮಾಡಿಸುವ ಕೆಲಸ ಆರಂಭವಾಯಿತು. ಆದರೆ ಪ್ರತಿಗಳು ಮೂಡುಬಿದಿರೆಯಿಂದ ಹೊರಗೆ ಹೋಗಕೂಡದೆಂಬ ಕಟ್ಟಳೆಯಿತ್ತು. ಪ್ರತಿಮಾಡಲು ನಿಯುಕ್ತರಾದ ಪಂಡಿತರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಯೂ ನಕಲು ಮಾಡಿದವರು ತಮಗೊಂದು ಪ್ರತಿ ಉಳಿಸಿಕೊಂಡರು. ಹೀಗೆ ಹರಡಿದ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ್ ಜೈನ್ ಅವರು 1939ರಿಂದ ಅಮರಾವತಿಯಲ್ಲಿ ಆ ಮಹಾಗ್ರಂಥವನ್ನು ಅಚ್ಚು ಹಾಕಿಸಿದರು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಆ ಕಾರ್ಯದಲ್ಲಿ ನೆರವಾದರು. ಮುಂದೆ ಮೂಲ ಓಲೆಗಳೊಂದಿಗೆ ಪಾಠವನ್ನು ತಾಳೆನೋಡಲು ಮೂಡುಬಿದಿರೆಯ ಸಮ್ಮತಿಯೂ ದೊರೆಯಿತು.

ಇಂದು ಮನೆಮನೆಯಲ್ಲಿ ಸಿದ್ಧಾಂತಗ್ರಂಥದ ಸ್ವಾಧ್ಯಾಯ ನಡೆಯುವಂತಾದುದು ಆ ಗುಪ್ತಪ್ರತಿಯಿಂದ. ಆದರೂ ಕಟ್ಟಳೆಯನ್ನು ಮೀರಿ ಒಯ್ದುದು ಅಚೌರ್ಯವ್ರತಕ್ಕೆ ಸಲ್ಲದು. ಕದ್ದು ತಂದುದನ್ನು ಸ್ವೀಕರಿಸುವುದೂ ತದಾಹೃತಾದಾನವೆಂಬ ಅತಿಚಾರವೇ. ಫಲ ಒಳ್ಳೆಯದಾದುದರಿಂದ ಉಪಾಯವೂ ಒಳ್ಳೆಯದೆನ್ನಲು ಬರುವುದಿಲ್ಲ. ಹಾಗೆಯೇ ಕಳವಿಗೆ ಎಡೆಮಾಡಿಕೊಟ್ಟ ಬೀಗವನ್ನು ನಿರ್ದೋಷವೆನ್ನಲೂ ಬರುವುದಿಲ್ಲ. ಲೋಕಹಿತಕ್ಕಾಗಿ ಆಚಾರ್ಯರು ಬರೆದಿಟ್ಟುದನ್ನು ಲೋಕಕ್ಕೆ ಕೊಡದಿದ್ದಾಗ, ಕಾಯುವವನೂ ಕದಿಯುವವನೂ ದೋಷವನ್ನು ಹಂಚಿಕೊಂಡರು. ಓಲೆಗಳನ್ನು ಗೆದ್ದಲಿನ ಪಾಲಿಗೆ ಬಿಟ್ಟು, ತೋರಿಸೆಂದು ಬಂದ ವಿದ್ಯಾರ್ಥಿಯನ್ನು ಹಿಂದಿರುಗಿಸುವ ಟ್ರಸ್ಟುಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಲ್ಲಿಂದ ಒಂದು ವಿವೇಕ ಹೊರಡುತ್ತದೆ. ಬರಹವೊಂದು ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು ಯಾರದೆಂಬುದಲ್ಲ, ಯಾರಿಗಾಗಿ ಬರೆದದ್ದೆಂಬುದು. ಶಾಸ್ತ್ರವನ್ನು ಎಲ್ಲರಿಗಾಗಿ ಬರೆದರು. ಅದನ್ನು ಮುಚ್ಚುವುದು ದೋಷ. ಪತ್ರವನ್ನು ಒಬ್ಬರಿಗಾಗಿ ಬರೆದರು. ಅದನ್ನು ಬಿಚ್ಚುವುದಕ್ಕೆ ಕಾರಣ ಬೇಕು. ಬಸದಿಯ ಜಮಾ-ಖರ್ಚಿನ ವಹಿ ಸಮಾಜಕ್ಕೆ ಸೇರಿದ್ದು. ಅದನ್ನು ಮನೆತನದ ಮಾನದ ಹೆಸರಿನಲ್ಲಿ ಅಡಗಿಸಲಾಗದು. ಕವಿ ತಾನೇ ತನ್ನ ಬಾಳನ್ನು ಲೋಕದ ಮುಂದಿಟ್ಟರೆ ಆ ಮಾತು ಬೇರೆ. ಧಾರವಾಡದ ದ. ರಾ. ಬೇಂದ್ರೆಯವರು 1937ರಲ್ಲಿ ಪ್ರಕಟವಾದ ಸಖೀಗೀತದಲ್ಲಿ ತಮ್ಮ ದಾಂಪತ್ಯದ ಸುಖದುಃಖಗಳನ್ನು ಕಾವ್ಯವಾಗಿಸಿದರು. ಅದನ್ನು ಓದುವವನು ಯಾರ ಬಾಗಿಲಲ್ಲೂ ಕದ್ದು ನಿಂತಿಲ್ಲ. ಕವಿಯೇ ಒಳಗೆ ಕರೆದಿದ್ದಾನೆ. ಆದರೆ ಕರೆದಷ್ಟು ದೂರವೇ ಅತಿಥಿಯ ಹಕ್ಕು. ನಡುಮನೆಗೆ ಕರೆದರೆಂದು ಕೋಣೆಯ ಪೆಟ್ಟಿಗೆಯನ್ನು ತೆರೆಯಲಾಗದು.

ಎದುರುವಾದಿಯೊಬ್ಬನು ಹೀಗೆ ಹೇಳಬಹುದು: ಸತ್ತವನ ಜೀವವು ತನ್ನ ಕರ್ಮಕ್ಕೆ ತಕ್ಕ ಗತಿಯನ್ನು ಸೇರಿಯಾಯಿತು. ಹಳೆಯ ಹೆಸರು, ಹಳೆಯ ದೇಹ, ಹಳೆಯ ಪತ್ರ ಯಾವುದೂ ಅದರದಲ್ಲ. ಬದುಕಿದ್ದಾಗಲೇ ಪರವಸ್ತುವು ಜೀವಕ್ಕೆ ಸೇರಿದ್ದಲ್ಲವೆಂಬುದು ಜಿನಮತವಾಗಿರುವಾಗ ಸತ್ತಮೇಲೆ ಯಾವ ಒಡೆತನ? ನೋಯುವವರೇ ಇಲ್ಲದಲ್ಲಿ ಹಿಂಸೆ ಎಲ್ಲಿಯದು?

ಈ ವಾದ ಅರ್ಧ ಸತ್ಯ. ಗತಿಸಿದವರಿಗೆ ನೋವಿಲ್ಲದಿರಬಹುದು. ಆದರೆ ಹಿಂಸೆಯ ಮೂಲವನ್ನು ಆಚಾರ್ಯರು ನೋಯುವವನಲ್ಲಿ ಮಾತ್ರ ಹುಡುಕಲಿಲ್ಲ, ನೋಯಿಸುವವನ ಪ್ರಮಾದದಲ್ಲಿ ಹುಡುಕಿದರು. ಇನ್ನೊಬ್ಬರ ಏಕಾಂತವನ್ನು ಇಣುಕುವಾಗ ಉಕ್ಕುವ ಕುತೂಹಲ, ದೊಡ್ಡವರೂ ಜಾರಿದರೆಂದು ತಿಳಿದಾಗ ಒಳಗೊಳಗೇ ಆಗುವ ಸಂತೋಷ, ತಾನೇ ಮೊದಲು ಕಂಡೆನೆಂಬ ಮಾನಕಷಾಯ ಇವು ಇಣುಕುವವನನ್ನೇ ಕಟ್ಟುತ್ತವೆ. ಚಿತ್ರದಲ್ಲಿ ಗೋರಿಯನ್ನು ಅಗೆಯುವ ಪಂಡಿತನು ಕವಿ ಬಳಸಿದ ವಸ್ತುಗಳನ್ನೆಲ್ಲ ಕೊಂಡು ಕೂಡಿಡುವವನು. ಅವನಿಗೆ ಕವಿಯ ಕಾವ್ಯಕ್ಕಿಂತ ಕವಿಯ ಗಡಿಯಾರ ದೊಡ್ಡದಾಗಿದೆ. ಕೆಟ್ಟವನೆಂಬುದಕ್ಕಿಂತ ಮೂರ್ಛಿತನೆಂಬುದು ಅವನಿಗೆ ತಕ್ಕ ಮಾತು.

ಬದುಕಿರುವವರ ಮಾತೂ ಇದೆ. ಗತಿಸಿದವರ ಮಕ್ಕಳು, ಮೊಮ್ಮಕ್ಕಳು, ಅನುಯಾಯಿಗಳು ನೋಯುತ್ತಾರೆ. ಆ ನೋವನ್ನು ಸಂಶೋಧಕನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ನೊಂದವರಿಗೂ ವ್ರತವಿದೆ ಎಂಬುದನ್ನು ಧಾರವಾಡ ಮರೆಯಲಾರದು. ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಲೇಖನಗಳಲ್ಲಿ ವಚನಗಳ ಆಧಾರದಿಂದ ಶರಣರ ಕೌಟುಂಬಿಕ ಬದುಕನ್ನು ಕುರಿತು ಮಾಡಿದ ಊಹೆಗಳು 1989ರಲ್ಲಿ ದೊಡ್ಡ ವಿವಾದಕ್ಕೆ ಕಾರಣವಾದವು, ಒತ್ತಡಕ್ಕೆ ಮಣಿದು ಅವರು ಅವುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಅವರನ್ನು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಈ ಎರಡನ್ನೂ ಕಾರಣ-ಕಾರ್ಯವೆಂದು ಹೆಣೆಯುವುದು ಮತ್ತೊಂದು ದುಡುಕಿನ ಊಹೆಯಾದೀತು. ಇಷ್ಟು ಮಾತ್ರ ನಿಶ್ಚಿತ: ಊಹೆ ತಪ್ಪಾಗಿದ್ದರೆ ಅದಕ್ಕೆ ಉತ್ತರ ಇನ್ನೊಂದು ಬರಹ. ವಿದ್ವಾಂಸನ ಮಾತು ಒಂದು ನಯ. ಅದನ್ನು ಎದುರಿಸಬೇಕಾದದ್ದು ಮತ್ತೊಂದು ನಯ. ಬಾಯಿ ಮುಚ್ಚಿಸುವುದರಿಂದ ಯಾವ ಪೂಜ್ಯರ ಹೆಸರೂ ಶುದ್ಧವಾಗುವುದಿಲ್ಲ.

ಇನ್ನು ಉಪಗೂಹನದ ವಿಚಾರ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಇದೂ ಒಂದು. ಧರ್ಮಮಾರ್ಗದಲ್ಲಿ ನಡೆಯುವವರು ಅಶಕ್ತಿಯಿಂದ ಎಡವಿದರೆ ಆ ಎಡವನ್ನು ಡಂಗುರ ಸಾರದೆ ಮುಚ್ಚುವುದು ಅದರ ಅರ್ಥ. ಹಿರಿಯರ ಹಳೆಯ ಪ್ರೇಮಪತ್ರಕ್ಕೆ ಇದು ಸಲ್ಲುತ್ತದೆ. ಆದರೆ ಇದನ್ನು ಗುರಾಣಿಯಾಗಿಸಿಕೊಂಡು ಬಸದಿಯ ಹಣವನ್ನು ತಿಂದವನನ್ನೂ, ಇಂದಿಗೂ ಇನ್ನೊಬ್ಬರನ್ನು ಪೀಡಿಸುವವನನ್ನೂ ಕಾಯುವುದು ಉಪಗೂಹನವಲ್ಲ. ಮುಗಿದುಹೋದ ದೌರ್ಬಲ್ಯ ಬೇರೆ, ನಡೆಯುತ್ತಿರುವ ಅನ್ಯಾಯ ಬೇರೆ. ಎಂಟು ಅಂಗಗಳಲ್ಲಿ ಉಪಗೂಹನದ ಬಳಿಯಲ್ಲೇ ಸ್ಥಿತಿಕರಣವಿದೆ. ಜಾರಿದವನನ್ನು ಮತ್ತೆ ದಾರಿಗೆ ತರುವ ಮನಸ್ಸಿಲ್ಲದೆ ಬರಿದೆ ಮುಚ್ಚುವವನು ಪಾಪಕ್ಕೆ ಪಾಲುದಾರ.

ಬೇರೊಬ್ಬರ ಅಂತರಂಗವನ್ನು ಹೇಗೆ ತೆರೆಯಬೇಕೆಂಬುದನ್ನು ನಾಗಚಂದ್ರನೇ ತನ್ನ ಕಾವ್ಯದಲ್ಲಿ ತೋರಿಸಿಕೊಟ್ಟಿದ್ದಾನೆ. ಅವನ ರಾವಣನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ಹಿಡಿದವನು. ಸೀತೆಯನ್ನು ಕಂಡು ಮನಸ್ಸು ಜಾರುತ್ತದೆ, ಆಕೆಯ ದೃಢತೆಯ ಮುಂದೆ ಅದು ತಿಳಿಯಾಗುತ್ತದೆ, ಪಶ್ಚಾತ್ತಾಪವೂ ಹುಟ್ಟುತ್ತದೆ, ಆದರೆ ಯುದ್ಧದಲ್ಲಿ ಗೆದ್ದಮೇಲೆಯೇ ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಕೆಡಿಸುತ್ತದೆ. ಈ ದುರಂತದ ಘನತೆಯನ್ನು ಬಿ. ಎಂ. ಶ್ರೀಕಂಠಯ್ಯನವರು ಎತ್ತಿ ತೋರಿಸಿದ್ದಾರೆ. ಕವಿ ಇಲ್ಲಿ ರಾವಣನ ಗುಟ್ಟನ್ನು ಬಯಲು ಮಾಡಿಲ್ಲವೆ? ಮಾಡಿದ್ದಾನೆ. ಆದರೆ ಓದುಗನು ಅದನ್ನು ಓದಿ ರಾವಣನನ್ನು ನೋಡಿ ನಗುವುದಿಲ್ಲ, ತನ್ನನ್ನು ನೋಡಿಕೊಂಡು ನಡುಗುತ್ತಾನೆ. ಯಾವ ಬಹಿರಂಗದಿಂದ ಓದುಗನಲ್ಲಿ ಅನುಕಂಪೆಯೂ ಆತ್ಮಾಲೋಚನೆಯೂ ಹುಟ್ಟುವುದೋ ಅದು ಜ್ಞಾನ. ಯಾವುದರಿಂದ ಕಣ್ಣುಮಿಟುಕುವ ಸಂತೋಷ ಮಾತ್ರ ಹುಟ್ಟುವುದೋ ಅದು ರಹೋಭ್ಯಾಖ್ಯಾನ.

ಅಟ್ಟದ ಮೇಲಿನ ಆ ಗಂಟಿನ ಮಾತು ಇನ್ನೂ ಉಳಿದಿದೆ. ಓಲೆಗಳನ್ನು ಶುದ್ಧಗೊಳಿಸಿ, ಪ್ರತಿ ತೆಗೆಸಿ, ಓದಬಲ್ಲವರಿಗೆ ತೆರೆದಿಡುವುದು ಶ್ರುತಪೂಜೆ. ವಹಿಯನ್ನು ಸಮಾಜದ ಮುಂದಿಡುವುದು ಟ್ರಸ್ಟಿನ ಕರ್ತವ್ಯ. ಪತ್ರಗಳ ವಿಷಯದಲ್ಲಿ ಆತುರ ಬೇಡ. ಸುಟ್ಟುದು ಮತ್ತೆ ಬಾರದು, ಅಚ್ಚಾದುದು ಮತ್ತೆ ಅಳಿಯದು. ಹಿರಿಯರು ಅವುಗಳನ್ನು ಕಳಿಸಲಿಲ್ಲ ಎಂಬುದನ್ನೂ ಮೊಮ್ಮಕ್ಕಳು ಓದಿಕೊಳ್ಳಬೇಕು. ಬರೆದ ಕೈ ಎಷ್ಟು ನಿಜವೋ ತಡೆದ ಕೈಯೂ ಅಷ್ಟೇ ನಿಜ. ಆ ಪತ್ರದ ಇನ್ನೊಂದು ಬದಿಯಲ್ಲಿರುವ ಸ್ತ್ರೀಗೂ ಮನೆತನವಿದೆ, ಆಕೆಯ ಸಮ್ಮತಿಯನ್ನು ಯಾರೂ ಕೇಳಿಲ್ಲ. ಕಟ್ಟಿ, ಮುದ್ರೆಯೊತ್ತಿ, ನ್ಯಾಸವೆಂದು ಇಟ್ಟು, ನೋಯುವವರು ಉಳಿಯದ ಕಾಲಕ್ಕೆ ನಿರ್ಣಯವನ್ನು ಬಿಡಬಹುದು. ಸಭಾಮಂಟಪದ ಭಾವಚಿತ್ರವನ್ನು ಇಳಿಸಬೇಕಾಗಿಲ್ಲ. ಎಡವಿಯೂ ಬಸದಿಯನ್ನು ಎತ್ತಿನಿಲ್ಲಿಸಿದವನ ಚಿತ್ರ ಅದು.

ಚಿತ್ರದ ಕೊನೆಯಲ್ಲಿ ಒಂದು ಸಣ್ಣ ದೃಶ್ಯವಿದೆ. ಕವಿ ತನ್ನ ಮಗಳನ್ನು, ಅವಳಿಗೆ ತಾನು ತಂದೆಯೆಂದು ಹೇಳದೆ, ಹೊಲದ ಬದಿಯಲ್ಲಿ ಒಮ್ಮೆ ಕಂಡು ಮಾತನಾಡಿ ಹೋಗುತ್ತಾನೆ. ಆ ಭೇಟಿಗೆ ಪತ್ರವಿಲ್ಲ, ದಾಖಲೆಯಿಲ್ಲ. ಗೋರಿಯನ್ನು ಅಗೆದವರಿಗೂ ಅದು ಸಿಗಲಿಲ್ಲ. ಎಷ್ಟೇ ಕಾಗದಗಳನ್ನು ಕೂಡಿಸಿದರೂ ಒಂದು ಜೀವದ ಸಮಸ್ತ ಪರ್ಯಾಯಗಳನ್ನು ಕಾಣುವುದು ಕೇವಲಜ್ಞಾನಕ್ಕೆ ಮಾತ್ರ ಸಾಧ್ಯ. ಇದನ್ನು ಅರಿತ ಸಂಶೋಧಕನು ತನ್ನ ವಾಕ್ಯಕ್ಕೆ ‘ಸ್ಯಾತ್’ ಎಂಬ ಮಾತನ್ನು ಸೇರಿಸಿ ಬರೆಯುತ್ತಾನೆ. ಇದನ್ನು ಅರಿತ ಗೃಹಸ್ಥನು ತನ್ನ ಹಿರಿಯರನ್ನು ದೇವರೆಂದೂ ಬಗೆಯದೆ, ದೋಷಿಗಳೆಂದೂ ಬಗೆಯದೆ, ತನ್ನಂತೆಯೇ ದಾರಿಯಲ್ಲಿರುವ ಜೀವಗಳೆಂದು ಗೌರವಿಸುತ್ತಾನೆ.